ಗಡಿನಾಡಿನ ಮನೆತನಗಳೂ ಕೂಡಿ ಬರೆಯುವ ವಂಶವೃಕ್ಷವೂ

ನಮ್ಮ ಕಾಸರಗೋಡಿನ ಕಡೆಯ ಹಳೆಯ ಮನೆಗಳಲ್ಲಿ ಅಟ್ಟವನ್ನು ಗುಡಿಸಹೊರಟರೆ ಒಂದು ಮರದ ಪೆಟ್ಟಿಗೆ ಸಿಕ್ಕದಿರುವುದು ಅಪೂರ್ವ. ಅದರೊಳಗೆ ಗೇಣಿಚೀಟುಗಳು, ತೀರ್ವೆಯ ರಶೀದಿಗಳು, ಒಂದು ಪಾಲುಪಟ್ಟಿ, ಯಾರದೋ ಜಾತಕ, ಮದುವೆಯ ಖರ್ಚಿನ ಲೆಕ್ಕ, ಗೆದ್ದಲು ತಿಂದು ಉಳಿದ ಓಲೆಗರಿಯ ಕಟ್ಟು ಇರುತ್ತವೆ. ಇವುಗಳಲ್ಲಿ ಬಹುಭಾಗ ಕನ್ನಡದಲ್ಲಿರುವುದು. ಆ ಮನೆಯ ಮೊಮ್ಮಕ್ಕಳಾದರೋ ಇಂದು ಮಲೆಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಿರುವರು. ಪೆಟ್ಟಿಗೆಯನ್ನು ತೆರೆದು ನೋಡಿ, ಓದಲಾರದೆ, ಮತ್ತೆ ಮುಚ್ಚಿಡುವರು. ಮನೆಯನ್ನು ಕೆಡವಿ ತಾರಸಿ ಕಟ್ಟುವ ದಿನ ಬಂದಾಗ ಆ ಪೆಟ್ಟಿಗೆ ಒಲೆಯ ಪಾಲಾಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮನೆತನದ ಚರಿತ್ರೆಯನ್ನು ಬಂಧುಗಳೆಲ್ಲ ಕೂಡಿ ಅಂತರ್ಜಾಲದಲ್ಲಿ ಬರೆದಿಡುವ ಕ್ರಮವೊಂದು ಈಗ ರೂಢಿಯಾಗಿರುವುದರಿಂದ, ಅದನ್ನು ಕೈಗೊಳ್ಳುವ ಬಗೆಯನ್ನು ಅಧ್ಯಾಪಕ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ. ಗಡಿನಾಡಿನಲ್ಲಿ ಎರಡು ಮೂರು ಲಿಪಿಗಳನ್ನು ಬಲ್ಲವರು ಹೆಚ್ಚಾಗಿ ಉಪಾಧ್ಯಾಯರೇ ಆದುದರಿಂದ ಈ ಕೆಲಸ ತಾನಾಗಿಯೇ ನಮ್ಮ ಪಾಲಿಗೆ ಬಂದಿದೆ.

ಗಡಿನಾಡಿನ ಮನೆತನಗಳಿಗೆ ಒಂದು ವಿಶೇಷವಾದ ತೊಡಕುಂಟು. ಮನೆ ಇದ್ದಲ್ಲಿಯೇ ಇರುವುದು, ಅದರ ಮೇಲಿನ ಸರಕಾರವೂ ಜಿಲ್ಲೆಯೂ ಬದಲಾಗುತ್ತ ಹೋಗುವುವು. ಕಾಸರಗೋಡು ತಾಲೂಕು ೧೯೫೬ನೆಯ ಅಕ್ಟೋಬರ್ ೩೧ರ ವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು; ಮರುದಿನ ಕೇರಳದ ಮಲಬಾರ್ ಜಿಲ್ಲೆಗೆ ಹೋಯಿತು; ೧೯೫೭ರಲ್ಲಿ ಕಣ್ಣೂರು ಜಿಲ್ಲೆಯದಾಯಿತು; ೧೯೮೪ರ ಮೇ ತಿಂಗಳಲ್ಲಿ ತಾನೇ ಜಿಲ್ಲೆಯಾಯಿತು. ಹೊಸೂರು ಸೇಲಂ ಜಿಲ್ಲೆಯಲ್ಲಿದ್ದು, ೧೯೬೫ರಲ್ಲಿ ಧರ್ಮಪುರಿಗೆ, ೨೦೦೪ರಲ್ಲಿ ಕೃಷ್ಣಗಿರಿಗೆ ಸೇರಿತು. ಆದವಾನಿ, ರಾಯದುರ್ಗಗಳು ೧೯೫೩ರ ಅಕ್ಟೋಬರ್ ೧ರ ವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಅಕ್ಕಲಕೋಟೆ, ಜತ್ತಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ಸಂಸ್ಥಾನಗಳಾಗಿದ್ದುವು. ಆದುದರಿಂದ ಮುತ್ತಜ್ಜನ ಹೆಸರನ್ನು ಬರೆದು, ಅವನ ಹುಟ್ಟೂರಿನ ಮುಂದೆ ಇಂದಿನ ಜಿಲ್ಲೆ, ಇಂದಿನ ರಾಜ್ಯವನ್ನು ಸೇರಿಸಿಬಿಟ್ಟರೆ ಮುಂದೆ ಅವನ ದಾಖಲೆಯನ್ನು ಹುಡುಕುವವನು ದಾರಿ ತಪ್ಪುವನು. ಕಾಸರಗೋಡಿನ ೧೯೦೦ನೆಯ ಇಸವಿಯ ಸಂಗತಿಗೆ ತಿರುವನಂತಪುರಕ್ಕಿಂತ ಚೆನ್ನೈಯ ದಫ್ತರಖಾನೆಯೇ ಹತ್ತಿರ. ಊರಿನ ಹೆಸರನ್ನು ಆ ಕಾಲದಲ್ಲಿ ಅದು ಸೇರಿದ್ದ ತಾಲೂಕು, ಜಿಲ್ಲೆ, ಪ್ರಾಂತಗಳೊಡನೆ ಬರೆದು, ಇಂದಿನ ಸ್ಥಿತಿಯನ್ನು ಬೇರೆಯಾಗಿ ಟಿಪ್ಪಣಿಯಲ್ಲಿ ಸೂಚಿಸುವುದು ಸರಿಯಾದ ಕ್ರಮ.

ಕೂಡಿ ಬರೆಯುವುದೆಂದರೆ ಏನು? ವಂಶಾವಳಿಯನ್ನು ಕಾಪಿಡುವ ಕೆಲಸ ನಮ್ಮ ನಾಡಿಗೆ ಹೊಸತಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನ ಮೇಲೆ ಬಂದು, ಮನೆಯ ಹಿರಿಯರ ಹೆಸರುಗಳನ್ನು ತಲೆಮಾರುಗಳ ವರೆಗೆ ಹಾಡುತ್ತ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡು, ಕಾಳು ಪಡೆದು ಹೋಗುವ ಹೆಳವರನ್ನು ಬಲ್ಲವರು ಬಲ್ಲರು. ಹರಿದ್ವಾರದ ಪಂಡರ ವಹಿಗಳೂ ಇದೇ ಜಾತಿಯವು; ಯಾತ್ರೆಗೆ ಬಂದವನು ತನ್ನ ತಂದೆಯೋ ಅಜ್ಜನೋ ಹಿಂದೆ ಬರೆಸಿದ್ದ ಸಾಲನ್ನು ಕಂಡು ಅದರ ಕೆಳಗೆ ತನ್ನ ಹೆಸರನ್ನು ಬರೆಸುವನು. ಅಂತರ್ಜಾಲದ ವಂಶವೃಕ್ಷವೂ ಇಂಥದೇ ಒಂದು ವಹಿ. ವ್ಯತ್ಯಾಸವೇನೆಂದರೆ ಇಲ್ಲಿ ವಹಿಗೆ ಒಬ್ಬ ಒಡೆಯನಿಲ್ಲ. ಒಬ್ಬ ಮನುಷ್ಯನಿಗೆ ಒಂದೇ ಪುಟ. ಆ ಪುಟಕ್ಕೆ ಅವನ ಸಂತತಿಯವರೆಲ್ಲರೂ ಬಂದು ತಮಗೆ ತಿಳಿದುದನ್ನು ಸೇರಿಸುವರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುವರು. ಯಾರು ಯಾವ ದಿನ ಏನನ್ನು ಬದಲಿಸಿದರೆಂಬುದೂ ದಾಖಲಾಗಿರುವುದು.

ಇಂಥ ವೃಕ್ಷಗಳಲ್ಲಿ ಮೂರನ್ನು ಹೆಸರಿಸಬಹುದು. ಅಮೆರಿಕದ ಯೂಟಾದಲ್ಲಿ ೧೮೯೪ರಲ್ಲಿ ಹುಟ್ಟಿದ ವಂಶಾವಳಿ ಸಂಘದಿಂದ ಬೆಳೆದುಬಂದದ್ದು ಫ್ಯಾಮಿಲಿಸರ್ಚ್. ಇದರ ಬಳಕೆಗೆ ಹಣ ಕೊಡಬೇಕಾಗಿಲ್ಲ. ಹರಿದ್ವಾರ ಮೊದಲಾದ ಕ್ಷೇತ್ರಗಳ ವಹಿಗಳ ಚಿತ್ರಗಳೂ ಇದರ ಸಂಗ್ರಹದಲ್ಲಿವೆ. ಇದನ್ನು ನಡೆಸುವುದು ಒಂದು ಕ್ರೈಸ್ತ ಪಂಗಡವೆಂಬುದನ್ನೂ, ಆ ಪಂಗಡದವರು ತಮ್ಮ ಗತಿಸಿದ ಪೂರ್ವಜರ ಹೆಸರಿನಲ್ಲಿ ತಮ್ಮ ಸಂಸ್ಕಾರಗಳನ್ನು ನಡೆಸುವ ಪದ್ಧತಿಯಿದೆಯೆಂಬುದನ್ನೂ ಮೊದಲೇ ತಿಳಿದು, ಮನೆಯ ಹಿರಿಯರಿಗೂ ತಿಳಿಸಿ, ಅನಂತರ ಸೇರುವುದು ಲೇಸು. ಎರಡನೆಯದು ಜೆನಿ, ೨೦೦೬ರ ಸುಮಾರಿನಲ್ಲಿ ಆರಂಭವಾಗಿ ೨೦೧೨ರಲ್ಲಿ ಮೈಹೆರಿಟೇಜ್ ಎಂಬ ಸಂಸ್ಥೆಯ ಕೈಸೇರಿತು, ಇದರಲ್ಲಿ ಕೆಲವು ಅನುಕೂಲಗಳಿಗೆ ಹಣ ತೆರಬೇಕು. ಮೂರನೆಯದು ೨೦೦೮ರಲ್ಲಿ ತೊಡಗಿದ ವಿಕಿಟ್ರೀ. ಸೇರುವವರೆಲ್ಲರೂ ಒಂದು ನಡತೆಯ ಪ್ರತಿಜ್ಞೆಗೆ ಒಪ್ಪಿ ಸಹಿ ಮಾಡಬೇಕು. ಬರೆದ ಸಂಗತಿಗೆ ಆಧಾರ ಹೇಳಬೇಕು. ಅನ್ಯರ ಗುಟ್ಟನ್ನು ಗೌರವಿಸಬೇಕು. ಪೂರ್ವಜರು ತಮ್ಮ ಕಾಲದಲ್ಲಿ ತಮ್ಮ ಹೆಸರನ್ನು ಹೇಗೆ ಹೇಳಿಕೊಳ್ಳುತ್ತಿದ್ದರೋ ಹಾಗೆಯೇ ಬರೆಯಬೇಕೆಂಬ ನಿಯಮವೂ ಇಲ್ಲಿ ಇದೆ. ಗಡಿನಾಡಿನವರಿಗೆ ಇದು ದೊಡ್ಡ ಆಸರೆ. ನಮ್ಮ ಒಲವು ಈ ಮೂರನೆಯದರ ಕಡೆಗೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಬಂಧುಗಳಲ್ಲಿ ಹೆಚ್ಚಿನವರು ಎಲ್ಲಿರುವರೋ ಅಲ್ಲಿಗೆ ಹೋಗುವುದೇ ವಿವೇಕ.

ಆದರೆ ಯಂತ್ರದ ಮುಂದೆ ಕುಳಿತುಕೊಳ್ಳುವ ಮೊದಲು ಹಿರಿಯರ ಮುಂದೆ ಕುಳಿತುಕೊಳ್ಳಬೇಕು. ಕಾಗದ ಇನ್ನು ಹತ್ತು ವರ್ಷ ಕಾಯಬಹುದು. ತೊಂಬತ್ತು ವರ್ಷದ ದೊಡ್ಡಮ್ಮ ಕಾಯಲಾರಳು. ಪ್ರಶ್ನೆ ಕೇಳುವಾಗ ನಮ್ಮ ನುಡಿಯ ಬಂಧುವಾಚಕಗಳ ವಿಷಯದಲ್ಲಿ ಎಚ್ಚರ ಬೇಕು. "ಅವನು ನಮ್ಮಣ್ಣ" ಎಂದರೆ ಒಡಹುಟ್ಟಿದವನೂ ಆಗಬಹುದು, ದೊಡ್ಡಪ್ಪನ ಮಗನೂ ಆಗಬಹುದು. "ಒಂದೇ ತಾಯಿಯ ಮಕ್ಕಳೋ?" ಎಂದು ಪ್ರತಿಸಲವೂ ಬಿಡಿಸಿ ಕೇಳತಕ್ಕದ್ದು. ಇಸವಿಯನ್ನು ಕೇಳಿ ಪ್ರಯೋಜನವಿಲ್ಲ. "ನಿಮ್ಮ ಮದುವೆಯ ವರ್ಷ ದೊಡ್ಡ ನೆರೆ ಬಂದಿತ್ತೋ? ಆಗ ಈ ಶಾಲೆ ಇತ್ತೋ? ನಿಮ್ಮ ತಮ್ಮನಿಗೆ ಮೀಸೆ ಬಂದಿತ್ತೋ?" ಎಂದು ಕೇಳಿದರೆ ಉತ್ತರ ಹರಿದುಬರುವುದು. ಆದವಾನಿಯ ಕಡೆಯ ಮನೆಯೊಂದರಲ್ಲಿ "ಧಾತು ಈಶ್ವರದ ಬರದಲ್ಲಿ ನಮ್ಮವರು ಇಲ್ಲಿಗೆ ಬಂದರು" ಎಂಬ ಮಾತು ಸಿಕ್ಕಿತೆಂದು ಇಟ್ಟುಕೊಳ್ಳೋಣ. ಧಾತು, ಈಶ್ವರ ಎಂಬವು ಒಂದರ ಮೇಲೊಂದು ಬರುವ ಸಂವತ್ಸರಗಳು. ೧೮೭೬-೭೭ ಮತ್ತು ೧೮೭೭-೭೮ರಲ್ಲಿ ಬಂದುವು. ಅವು ದಕ್ಷಿಣದ ಮಹಾಕ್ಷಾಮದ ವರ್ಷಗಳೇ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ೧೯೩೬-೩೭ ಕೂಡ ಧಾತುವೇ. ಬರದ ನೆನಪು ಜೊತೆಗಿದ್ದುದರಿಂದ ಇಲ್ಲಿ ಸಂಶಯ ನೀಗಿತು. ಬರಿಯ ಸಂವತ್ಸರದ ಹೆಸರು ಸಿಕ್ಕಾಗ ಅದು ಯಾವ ಸುತ್ತಿನದೆಂದು ಬೇರೆ ಆಧಾರದಿಂದ ನಿಶ್ಚಯಿಸಬೇಕು.

ಕಾಗದಗಳಲ್ಲಿಯೂ ಕಾಲಗಣನೆ ಒಂದೇ ತೆರನಾಗಿಲ್ಲ. ಮದರಾಸು ಆಡಳಿತದ ಕಂದಾಯದ ಕಾಗದಗಳಲ್ಲಿ ಫಸಲಿ ಇರುವುದು. ಅದಕ್ಕೆ ೫೯೦ ಕೂಡಿಸಿದರೆ ಜುಲೈ ತಿಂಗಳಿನಲ್ಲಿ ತೊಡಗುವ ಇಸವಿ ಬರುವುದು. ಫಸಲಿ ೧೩೬೦ ಎಂದರೆ ೧೯೫೦ರ ಜುಲೈಯಿಂದ ೧೯೫೧ರ ಜೂನ್ ವರೆಗೆ. ಹೈದರಾಬಾದ್ ಸಂಸ್ಥಾನದ ಫಸಲಿಯ ಅಂಕಿ ಹೆಚ್ಚುಕಡಿಮೆ ಇದೇ ಆದರೂ ಅದರ ವರ್ಷಾರಂಭ ಬೇರೆ. ಮಲೆಯಾಳದ ಕಾಗದಗಳಲ್ಲಿ ಕೊಲ್ಲಂ ವರ್ಷ ಬರುವುದು. ಕೊಲ್ಲಂ ೧೧೦೦ ತೊಡಗಿದ್ದು ೧೯೨೪ರಲ್ಲಿ. ಶಕವರ್ಷಕ್ಕೆ ೭೮ ಕೂಡಿಸಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ವೃಕ್ಷದಲ್ಲಿ ಬರೆಯುವಾಗ ಕಾಗದದಲ್ಲಿದ್ದ ಮೂಲ ತೇದಿಯನ್ನು ಇದ್ದಂತೆಯೇ ಟಿಪ್ಪಣಿಯಲ್ಲಿಟ್ಟು, ಲೆಕ್ಕ ಹಾಕಿ ತೆಗೆದ ಇಸವಿಯನ್ನು "ಸುಮಾರು" ಎಂದು ಸೂಚಿಸತಕ್ಕದ್ದು. ಲೆಕ್ಕ ತಪ್ಪಾಗಿದ್ದರೆ ಮುಂದಿನವನಿಗೆ ತಿದ್ದಲು ಮೂಲವಾದರೂ ಇರುವುದು.

ಇನ್ನು ನಮ್ಮ ಕೈಯಲ್ಲಿಯೇ ಇರುವ ಒಂದು ಆಕರ: ಶಾಲೆಯ ದಾಖಲಾತಿ ಪುಸ್ತಕ. ಹಳೆಯ ಕನ್ನಡ ಶಾಲೆಗಳಲ್ಲಿ ಮಗುವಿನ ಹೆಸರು, ತಂದೆಯ ಅಥವಾ ಪೋಷಕರ ಹೆಸರು, ಊರು, ಕಸುಬು, ಹುಟ್ಟಿದ ದಿನ, ಹಿಂದೆ ಓದಿದ ಶಾಲೆ ಇವೆಲ್ಲ ಒಂದೇ ಸಾಲಿನಲ್ಲಿ ದೊರೆಯುತ್ತವೆ. ಅಳಿಯಸಂತಾನದ ಮನೆಗಳಲ್ಲಿ ಪೋಷಕನೆಂದು ಬರೆದಿರುವುದು ಎಷ್ಟೋ ಸಲ ಸೋದರಮಾವನ ಹೆಸರು. ಅದನ್ನು ತಂದೆಯೆಂದು ತಿಳಿದರೆ ಇಡೀ ಕೊಂಬೆಯೇ ಬೇರೆ ಮರಕ್ಕೆ ಹೋಗುವುದು. ಹುಟ್ಟಿದ ದಿನದ ವಿಷಯವನ್ನು ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ. ಜೂನ್ ೧ರಂದು ಹುಟ್ಟಿದವರು ನಮ್ಮ ಶಾಲೆಗಳಲ್ಲಿ ಇಷ್ಟೊಂದು ಮಂದಿ ಇರುವುದು ಗ್ರಹಗತಿಯಿಂದಲ್ಲ, ಹೆಡ್‌ಮಾಸ್ತರರ ಲೇಖನಿಯಿಂದ. ಈ ಪುಸ್ತಕ ಶಾಲೆಯ ಸೊತ್ತು. ಅದರಲ್ಲಿ ಬದುಕಿರುವವರ ಜಾತಿ ಮೊದಲಾದ ವಿವರಗಳಿವೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಗತಿಸಿದವರ ಸಾಲನ್ನು ಮಾತ್ರ ಕೈಬರಹದಲ್ಲಿ ನಕಲು ಮಾಡಿಕೊಳ್ಳಬೇಕು. ಪುಟದ ಚಿತ್ರ ತೆಗೆದು ಜಾಲಕ್ಕೇರಿಸುವುದು ಸರ್ವಥಾ ಸಲ್ಲದು.

ಭೂಮಿಯ ಕಾಗದಗಳ ವಿಷಯ ಬಹಳ ವಿಸ್ತಾರವಾದುದು. ದಕ್ಷಿಣ ಕನ್ನಡದ ವರ್ಗ, ಮೂಲಗೇಣಿ, ಚಾಲಗೇಣಿಗಳ ಕಾಗದ, ಸೊಲ್ಲಾಪುರದ ಕಡೆಯ ಏಳು-ಹನ್ನೆರಡರ ಉತಾರ, ಹೊಸೂರಿನ ಪಟ್ಟಾ ಇವು ಒಂದೊಂದೂ ಒಂದು ಲೇಖನಕ್ಕೆ ಸಾಕು. ಸೊಲ್ಲಾಪುರ, ಜತ್ತಗಳ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿರುವುದರಿಂದ ಮರಾಠಿ ಬಲ್ಲವರೂ ಅವುಗಳನ್ನು ಓದಲಾರರು. ಮೋಡಿ ಕಲಿತವರೊಬ್ಬರನ್ನು ಹುಡುಕಿಕೊಳ್ಳಬೇಕು. ಕೂಡಿ ಮಾಡುವ ಕೆಲಸದ ಲಾಭ ತಿಳಿಯುವುದು ಇಲ್ಲಿಯೇ. ಕಾಗದ ಒಬ್ಬರಲ್ಲಿರುವುದು, ಓದಬಲ್ಲವರು ಇನ್ನೊಂದು ಊರಿನಲ್ಲಿರುವರು.

ಲಿಪಿಯ ಮಾತು ಬಂದುದರಿಂದ ಹೆಸರುಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗಡಿನಾಡಿನ ವಂಶಶೋಧನೆಯಲ್ಲಿ ಅತಿ ಹೆಚ್ಚು ತಪ್ಪುಗಳು ನುಸುಳುವುದು ಇಲ್ಲಿ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೂ ಪಕಾರ ಬಕಾರಗಳಿಗೂ ಭೇದವಿಲ್ಲ. ತಾಳವಾಡಿಯ ಬಸವಪ್ಪ ತಮಿಳು ದಾಖಲೆಗೆ ಹೋಗಿ, ಅಲ್ಲಿಂದ ಗೊತ್ತಿಲ್ಲದವನ ಕೈಯಿಂದ ಇಂಗ್ಲಿಷಿಗೆ ಬಂದರೆ ಪಸವಪ್ಪನಾಗುವನು, ಗುರಪ್ಪ ಕುರಪ್ಪನಾಗುವನು. ನಾಗರಿಯಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲದುದರಿಂದ ಅಕ್ಕಲಕೋಟೆಯ ಹೊನ್ನಪ್ಪನು ಹೋನ್ನಪ್ಪನಾಗಿ ಕಾಣಿಸಿಕೊಳ್ಳುವನು. ಸೊಲ್ಲಾಪುರದ ಕಡೆ ಊರಿನ ಹೆಸರಿಗೆ 'ಕರ' ಸೇರಿ ಅಡ್ಡಹೆಸರಾಗುವುದುಂಟು. ಅದೇ ಮನೆತನದ ಕರ್ನಾಟಕದ ಶಾಖೆಯಲ್ಲಿ ಆ 'ಕರ' ಇಲ್ಲದಿರಬಹುದು. ಮರಾಠಿ ಸಂಪ್ರದಾಯ ಬೆರೆತ ಮನೆಗಳಲ್ಲಿ ಮದುವೆಯಂದು ವಧುವಿನ ಹೆಸರನ್ನೇ ಬದಲಿಸುವ ರೂಢಿಯಿರುವುದರಿಂದ ಒಬ್ಬ ಹೆಂಗಸು ಎರಡು ಪುಟಗಳಲ್ಲಿ ಇಬ್ಬರಾಗಿ ನಿಲ್ಲುವಳು. ಇನ್ನು ನಮ್ಮ ಕಡೆಯವರಿಗೆ ಅಡ್ಡಹೆಸರೇ ಇಲ್ಲ, ಇನಿಷಿಯಲ್ ಮಾತ್ರ. ಅದು ಮನೆಯದೋ, ಊರಿನದೋ, ತಂದೆಯದೋ ಎಂಬುದು ಅವರಿಗೇ ಗೊತ್ತು. ವೃಕ್ಷದ ನಮೂನೆಯಾದರೋ ಅಡ್ಡಹೆಸರನ್ನು ಕೇಳಿಯೇ ಕೇಳುವುದು; ವಿಕಿಟ್ರೀಯಲ್ಲಿ ಪುಟದ ಗುರುತೇ ಅಡ್ಡಹೆಸರು ಮತ್ತು ಒಂದು ಸಂಖ್ಯೆಯಿಂದ ಆಗುವುದು. ನಮ್ಮ ಸಲಹೆಯೇನೆಂದರೆ, ಮನೆಯವರೆಲ್ಲ ಮೊದಲು ಕೂಡಿ ಒಂದು ನಿಯಮ ಮಾಡಿಕೊಳ್ಳಬೇಕು. ಮನೆಯ ಹೆಸರನ್ನು ಅಡ್ಡಹೆಸರಿನ ಜಾಗದಲ್ಲಿ ಬರೆಯುವುದೆಂದಾದರೆ ಎಲ್ಲರಿಗೂ ಹಾಗೆಯೇ ಬರೆಯಬೇಕು. ಮತ್ತು ಪ್ರತಿಯೊಂದು ಪುಟದ ವೃತ್ತಾಂತದಲ್ಲಿ ಕನ್ನಡ ಲಿಪಿಯಲ್ಲಿ ಪೂರ್ಣ ಹೆಸರನ್ನೂ, ಇತರ ಲಿಪಿಗಳ ದಾಖಲೆಗಳಲ್ಲಿ ಕಂಡ ರೂಪಗಳನ್ನೂ ಇಡಬೇಕು. ಹುಡುಕುವವನು ಯಾವ ಬಾಗಿಲಿನಿಂದ ಬರುವನೋ ಹೇಳಲಾಗದು.

ಅಳಿಯಸಂತಾನದ ಮಾತೂ ಹೀಗೆಯೇ. ನಮ್ಮದು ಅಂಥ ಒಂದು ತರವಾಡು ಮನೆ. ಇಲ್ಲಿ ಬಳಿ ತಾಯಿಯಿಂದ ಬರುವುದು, ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಸಲ್ಲುತ್ತಿತ್ತು. ೧೯೪೯ರ ಮದರಾಸು ಅಳಿಯಸಂತಾನ ಕಾನೂನು, ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನು, ಕೇರಳದಲ್ಲಿ ೧೯೭೫ರ ಅವಿಭಕ್ತ ಕುಟುಂಬ ರದ್ದತಿಯ ಕಾನೂನು ಇವುಗಳಿಂದ ಸೊತ್ತಿನ ಕ್ರಮ ಬದಲಾಯಿತು, ಬಳಿ ಉಳಿದಿದೆ. ಪಾಶ್ಚಾತ್ಯರ ನಮೂನೆ ತಂದೆಯ ಸಾಲನ್ನೇ ನೆಟ್ಟಗೆ ಮೇಲಕ್ಕೆ ಎಳೆಯುವುದು. ಆ ಸಾಲಿನಲ್ಲಿ ನಮಗೆ ಮೂರು ತಲೆಮಾರು ಸಿಕ್ಕರೆ ಹೆಚ್ಚು. ತಾಯಿಯ ಸಾಲಿನಲ್ಲಿ ಏಳು ಸಿಕ್ಕಿತು. ನಮೂನೆಯನ್ನು ನೋಡಿ ಕೈಚೆಲ್ಲಬಾರದು. ಯಾವ ಸಾಲಿನಿಂದ ತೊಡಗಬೇಕೆಂಬುದನ್ನು ಮನೆಯ ಸಂಪ್ರದಾಯ ಹೇಳುವುದು. ಮತ್ತೊಂದು ಮಾತು: ಸೋದರತ್ತೆಯ ಮಗನನ್ನು, ಕೆಲವು ಕಡೆ ಸೋದರಮಾವನನ್ನೇ ಮದುವೆಯಾಗುವ ಪದ್ಧತಿ ನಮ್ಮಲ್ಲಿ ಇದ್ದುದರಿಂದ ಒಬ್ಬ ಅಜ್ಜಿಯೇ ಎರಡು ದಾರಿಗಳಲ್ಲಿ ಎದುರಾಗುವಳು. ದೂರದೇಶದ ಸಹಕಾರಿಗಳು ಇದನ್ನು ಕಂಡು ಬರಹದ ತಪ್ಪೆಂದು ಭಾವಿಸಿ ತಿದ್ದಲು ಬರಬಹುದು. ಅಂಥ ಪುಟಗಳಲ್ಲಿ ಸಂಬಂಧವನ್ನು ಒಂದು ವಾಕ್ಯದಲ್ಲಿ ವಿವರಿಸಿಟ್ಟರೆ ತಂಟೆ ತಪ್ಪುವುದು.

ವೃಕ್ಷದಲ್ಲಿ ಬರೆಯತೊಡಗುವವನು ಹೊಸ ಪುಟವನ್ನು ತೆರೆಯುವ ಮೊದಲು ಅದೇ ವ್ಯಕ್ತಿಯ ಪುಟ ಆಗಲೇ ಇದೆಯೋ ಎಂದು ನಾಲ್ಕಾರು ಬಗೆಯ ಕಾಗುಣಿತಗಳಲ್ಲಿ ಹುಡುಕಬೇಕು. ಜೆಡ್‌ಕಾಮ್ ಎಂಬ ಕಡತದ ಮೂಲಕ ಸಾವಿರ ಹೆಸರುಗಳನ್ನು ಒಮ್ಮೆಲೇ ಸುರಿಯುವ ಸೌಕರ್ಯ ಉಂಟು; ಹೊಸಬರು ಅದರ ಗೊಡವೆಗೆ ಹೋಗದಿರುವುದೇ ಕ್ಷೇಮ, ಸುರಿದುದನ್ನು ಹೆಕ್ಕಿ ಬೇರ್ಪಡಿಸುವವರು ಬೇರೆಯವರಾಗಿರುತ್ತಾರೆ. ಎರಡು ಪುಟಗಳು ಒಬ್ಬನವೇ ಎಂದು ತೋರಿದರೆ ಕೂಡಿಸಬಹುದು. ಕೂಡಿಸುವುದು ಸುಲಭ, ಬಿಡಿಸುವುದು ಪ್ರಯಾಸ.

ನಾವೇ ಎಡವಿದ ಒಂದು ಸಂದರ್ಭವನ್ನು ಹೇಳುತ್ತೇವೆ. ನಮ್ಮ ಮನೆಯ ಫಸಲಿ ೧೨೯೧ರ, ಎಂದರೆ ೧೮೮೧-೮೨ರ, ಒಂದು ಗೇಣಿಚೀಟಿನಲ್ಲಿ ಯಜಮಾನನ ಹೆಸರು ಇದ್ದಿತು. ಫಸಲಿ ೧೩೪೦ರ, ಎಂದರೆ ೧೯೩೦-೩೧ರ, ಇನ್ನೊಂದು ಕಾಗದದಲ್ಲಿಯೂ ಅದೇ ಹೆಸರಿನ ರುಜು. ದೀರ್ಘಾಯುಷಿಯಾಗಿದ್ದನೆಂದು ಸಂತೋಷಪಟ್ಟು ಒಂದೇ ಪುಟದಲ್ಲಿ ಎರಡನ್ನೂ ಬರೆದೆವು. ಎರಡು ತಿಂಗಳ ಮೇಲೆ ಪುಣೆಯಲ್ಲಿರುವ, ನಾವು ಮುಖ ಕಂಡಿರದ ಬಂಧುವೊಬ್ಬರು ಕೇಳಿದರು: "ಎರಡನೆಯ ಕಾಗದದಲ್ಲಿ ಅವನು 'ಯಜಮಾನರಾದ ಮಾವನವರ ಅಪ್ಪಣೆಯಂತೆ' ರುಜು ಹಾಕಿದ್ದಾನಲ್ಲ? ೧೮೮೧ರಲ್ಲಿಯೇ ಯಜಮಾನನಾಗಿದ್ದವನಿಗೆ ಐವತ್ತು ವರ್ಷಗಳ ಮೇಲೆ ಅಪ್ಪಣೆ ಕೊಡುವ ಮಾವನೆಲ್ಲಿಂದ ಬಂದ?" ಕಾಗದ ನಮ್ಮ ಕೈಯಲ್ಲಿಯೇ ಇತ್ತು, ಆ ಸಾಲನ್ನು ಓದಿಯೂ ಇದ್ದೆವು. ಹಿರಿಯ ಮಾವನ ಹೆಸರನ್ನು ಎರಡು ತಲೆಮಾರು ಕೆಳಗಿನ ಮಗುವಿಗೆ ಇಡುವ ನಮ್ಮ ಮನೆಯ ರೂಢಿಯನ್ನು ಬಲ್ಲ ನಾವೇ ಅದನ್ನು ಮರೆತಿದ್ದೆವು. ಪುಟವನ್ನು ಎರಡಾಗಿ ಒಡೆದು, ಹದಿನೈದು ಮಂದಿಯ ಸಂಬಂಧವನ್ನು ಸರಿಪಡಿಸಲು ಒಂದು ಓಣಂ ರಜೆ ಪೂರ್ತಿ ಹಿಡಿಯಿತು.

ಇನ್ನೊಂದು ಸಂಗತಿ ಇದರಂತೆ ತಿದ್ದಿ ಮುಗಿಯುವಂಥದಲ್ಲ. ನಮ್ಮ ಬಳಗದ ತರುಣನೊಬ್ಬ, ಉತ್ಸಾಹಿ, ಯಾರ ಕೇಡನ್ನೂ ಬಯಸದವನು, ಬದುಕಿರುವ ಚಿಕ್ಕಮ್ಮ ಒಬ್ಬರು ದತ್ತು ಬಂದವರೆಂಬ ವಿಷಯವನ್ನು ಎಲ್ಲರಿಗೂ ಕಾಣುವಂತೆ ಬರೆದುಬಿಟ್ಟನು. ಸಂಗತಿ ನಿಜವೇ, ಆದರೆ ಚಿಕ್ಕಮ್ಮನ ಮಕ್ಕಳಿಗೆ ಅದು ತಿಳಿದಿರಲಿಲ್ಲ. ಎರಡು ದಿನಗಳೊಳಗೆ ಅಳಿಸಿದೆವಾದರೂ ಅಷ್ಟರಲ್ಲಿ ಅದು ಮೊಬೈಲುಗಳಲ್ಲಿ ಹರಿದಾಡಿತ್ತು. ಆಕೆ ನಮ್ಮನ್ನು ಬೈಯಲಿಲ್ಲ, ಆಮೇಲೆ ಮನೆಯ ಯಾವ ಸಂಗತಿಯನ್ನೂ ಹೇಳಲಿಲ್ಲ. ಅವರಿಗೆ ತಿಳಿದಿದ್ದ ಹಳೆಯ ಹೆಸರುಗಳು ಅವರೊಡನೆಯೇ ಹೋದುವು. ದೊಡ್ಡ ವೃಕ್ಷಗಳಲ್ಲಿ ಬದುಕಿರುವವರ ಪುಟವನ್ನು ಇತರರಿಗೆ ಕಾಣದಂತೆ ಇಡುವ ಏರ್ಪಾಡು ಇದ್ದೇ ಇದೆ. ಆದರೆ ವ್ಯಕ್ತಿ ಬದುಕಿರುವನೆಂದು ಬರೆಯುವವನು ಸರಿಯಾಗಿ ಗುರುತು ಹಾಕಿದರೆ ತಾನೆ? ಅಂದಿನಿಂದ ನಾವು ಪಾಲಿಸುವ ಕ್ರಮವೆಂದರೆ, ಬದುಕಿರುವವರನ್ನು ಅವರ ಬಾಯಿಂದಲೇ ಒಪ್ಪಿಗೆ ಪಡೆಯದೆ ಸೇರಿಸುವುದಿಲ್ಲ. ದತ್ತು, ಬಿಟ್ಟುಹೋದ ಮದುವೆ, ಕಾಯಿಲೆ, ಪಾಲಿನ ವ್ಯಾಜ್ಯ ಇವನ್ನು ಗತಿಸಿದವರ ವಿಷಯದಲ್ಲಿಯೂ ಅವರ ಮಕ್ಕಳಿರುವ ತನಕ ನಮ್ಮ ನೋಟುಪುಸ್ತಕದಲ್ಲಿಯೇ ಇಟ್ಟುಕೊಳ್ಳುತ್ತೇವೆ.

ಪೂರ್ವಜರನ್ನು ರಾಜವಂಶಗಳಿಗೆ ಗಂಟುಹಾಕುವ ಚಪಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶಾಸನದಲ್ಲಿ ನಮ್ಮ ಮನೆಯ ಹೆಸರು ಬಂದಿದ್ದರೆ ಆ ಹೆಸರಿನ ಮನೆಯೊಂದು ಆಗ ಇತ್ತೆಂದು ಮಾತ್ರ ಸಿದ್ಧವಾಗುವುದು. ನಡುವಿನ ತಲೆಮಾರುಗಳನ್ನು ಆಧಾರದಿಂದ ತುಂಬಲಾರದವನು ಅಲ್ಲಿಗೇ ನಿಲ್ಲಬೇಕು.

ಈಗ ನಮ್ಮ ವೃಕ್ಷದಲ್ಲಿ ಅಜ್ಜಿಯ ತಾಯಿಯ ಗಂಡನ ಜಾಗದಲ್ಲಿ ಹೆಸರಿಲ್ಲ. ಅಳಿಯಸಂತಾನದ ಮನೆಗಳಲ್ಲಿ ಮರೆತುಹೋಗುವವರು ಹೆಚ್ಚಾಗಿ ಗಂಡಂದಿರೇ. "ಬಾಯಾರಿನ ಕಡೆಯವರು, ಎತ್ತಿನ ವ್ಯಾಪಾರವಿತ್ತು" ಎಂದು ದೊಡ್ಡಮ್ಮ ಹೇಳಿದ್ದನ್ನು ಹೇಳಿದಂತೆಯೇ ಬರೆದು, ಹೇಳಿದ ದಿನವನ್ನೂ ಸೇರಿಸಿಟ್ಟಿದ್ದೆವು. ಕಳೆದ ಮಳೆಗಾಲದಲ್ಲಿ ಮುಂಬಯಿಯಿಂದ ಒಬ್ಬರು ಆ ಪುಟದ ಕೆಳಗೆ ಬರೆದರು: ತಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ ನಮ್ಮ ಮನೆಯ ಹೆಸರು ಎರಡು ಕಡೆ ಬಂದಿದೆ, ಎತ್ತಿನ ಹಣದ ಬಾಬ್ತು, ಅವರ ಮುತ್ತಜ್ಜಿಯ ಅಣ್ಣನೊಬ್ಬನು ನಮ್ಮ ಊರಿನಿಂದ ಹೆಣ್ಣು ತಂದಿದ್ದನಂತೆ. ಹೆಸರನ್ನೂ ಹೇಳಿದರು. ಆ ಅಣ್ಣ ಒಡಹುಟ್ಟಿದವನೋ ದೊಡ್ಡಮ್ಮನ ಮಗನೋ ಎಂದು ಕೇಳಿ ಬರೆದಿದ್ದೇವೆ. ಲೆಕ್ಕದ ಪುಸ್ತಕದ ಆ ಎರಡು ಪುಟಗಳನ್ನು ಅವರು ದಸರೆಗೆ ಊರಿಗೆ ಬರುವಾಗ ತರುವರು. ಅಲ್ಲಿಯ ವರೆಗೆ ಹೆಸರಿನ ಜಾಗ ಹಾಗೆಯೇ ಇದೆ.